ಮೊದಲು ತಕ್ಕಡಿ, ಆಮೇಲೆ ಸಮೀಕರಣ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ತೆರೆದರೆ ಮೊದಲಿಗೇ ಎದುರಾಗುವುದು ರಾಸಾಯನಿಕ ಸಮೀಕರಣ. 'ಸರಿದೂಗಿಸಿ' ಎಂದಕೂಡಲೇ ತರಗತಿಯಲ್ಲಿ ಅಂಕಿಗಳ ಆಟ ಶುರು: ಎಡಕ್ಕೆ ಎರಡು ಹಾಕು, ಬಲಕ್ಕೆ ಮೂರು ಹಾಕು. ಉತ್ತರ ಬರುತ್ತದೆ, ಅಂಕವೂ ಸಿಗುತ್ತದೆ. ದೂಗಿದ್ದು ಏನನ್ನು ಎಂದು ಕೇಳಿದರೆ ಮಾತ್ರ ಮಕ್ಕಳು ಮುಖ ಮುಖ ನೋಡುತ್ತಾರೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆಯ ಕ್ಯಾಂಪಸ್ ಇದೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್‌ಗೆ ಹೈಸ್ಕೂಲು, ಪಿಯು ಕಾಲೇಜುಗಳ ಮೇಷ್ಟ್ರು ಮೇಡಂಗಳು ತರಬೇತಿಗೆ ಬಂದು, ಪ್ರಯೋಗಾಲಯದಲ್ಲಿ ಕೈಯಾರೆ ಪ್ರಯೋಗ ಮಾಡುತ್ತಾರೆ. ಸಮೀಕರಣದ ಪಾಠಕ್ಕೂ ಬೇಕಾದ ದಾರಿ ಇದೇ ಎಂಬುದು ನನ್ನ ವಾದ.

ಮೆಗ್ನೀಸಿಯಂ ತಂತಿಯನ್ನೇ ತೆಗೆದುಕೊಳ್ಳಿ. ಕಣ್ಣು ಕೋರೈಸುವಂತೆ ಉರಿದು ಬಿಳಿ ಬೂದಿಯಾಗುತ್ತದೆ. ಬೂದಿಯ ತೂಕ ಹೆಚ್ಚೋ ಕಡಿಮೆಯೋ ಎಂದು ಕೇಳಿ ನೋಡಿ. ಒಲೆಯ ಸೌದೆ ಉರಿದು ಹಿಡಿ ಬೂದಿಯಾಗುವುದನ್ನು ಕಂಡ ಮಕ್ಕಳು 'ಕಡಿಮೆ' ಎನ್ನುತ್ತಾರೆ. ಮುಚ್ಚಳವಿರುವ ಮೂಸೆಯಲ್ಲಿ ಸುಟ್ಟು ತೂಗಿದರೆ ತೂಕ ಹೆಚ್ಚಾಗಿರುತ್ತದೆ! 24 ಗ್ರಾಂ ಮೆಗ್ನೀಸಿಯಂ ಗಾಳಿಯಿಂದ 16 ಗ್ರಾಂ ಆಮ್ಲಜನಕ ಹೀರಿ 40 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಆಗುತ್ತದೆ. ಸೌದೆಯ ಲೆಕ್ಕದಲ್ಲೂ ಏನೂ ಕಳೆದಿಲ್ಲ. ಅದರ ಇಂಗಾಲ, ಜಲಜನಕಗಳು ಅನಿಲವಾಗಿ, ಆವಿಯಾಗಿ ಗಾಳಿಗೆ ಸೇರಿವೆ. ಫ್ರಾನ್ಸಿನ ಲಾವೋಸಿಯೆ ಮುಚ್ಚಿದ ಪಾತ್ರೆಗಳಲ್ಲಿ ಹೀಗೇ ತೂಗಿ ತೂಗಿ, 1789ರ ತನ್ನ ಗ್ರಂಥದಲ್ಲಿ ದ್ರವ್ಯರಾಶಿ ಸಂರಕ್ಷಣೆಯನ್ನು ರಸಾಯನಶಾಸ್ತ್ರದ ಬುನಾದಿಯಾಗಿಸಿದ.

ಇದನ್ನು ಕಂಡ ಹುಡುಗಿಗೆ ಸಮೀಕರಣದ ಕಟ್ಟುಪಾಡು ತಾನಾಗಿ ತಿಳಿಯುತ್ತದೆ. ಜಲಜನಕ, ಆಮ್ಲಜನಕ ಸೇರಿ ನೀರಾಗುವುದನ್ನು ಬರೆಯುವಾಗ ಬಲಗಡೆ ಒಂದು ಆಮ್ಲಜನಕ ಕಡಿಮೆ ಬೀಳುತ್ತದೆ. ಸುಲಭ ಅಂತ ನೀರಿನ ಸೂತ್ರದೊಳಗೇ ಒಂದು ಎರಡನ್ನು ತುರುಕಿದರೆ ಅದು ನೀರಾಗಿ ಉಳಿಯುವುದಿಲ್ಲ. ಗಾಯ ತೊಳೆಯಲು, ಕೂದಲಿನ ಬಣ್ಣ ತೆಗೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಸೂತ್ರದೊಳಗಿನ ಅಂಕಿ ವಸ್ತುವಿನ ಗುರುತು, ಅದನ್ನು ಮುಟ್ಟುವಂತಿಲ್ಲ. ಎಷ್ಟು ಅಣುಗಳೆಂದು ಹೇಳುವ ಮುಂದಿನ ಅಂಕಿಯನ್ನಷ್ಟೇ ಬದಲಿಸಬಹುದು.

ಕಾದ ಕಬ್ಬಿಣದ ಮೇಲೆ ನೀರಾವಿ ಹಾಯಿಸುವ ಪಠ್ಯದ ಉದಾಹರಣೆ ಇನ್ನೂ ಚೆಂದ. ಉತ್ಪನ್ನದಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕದ ಆಕ್ಸೈಡ್ ಇದೆ. ಅತಿ ಹೆಚ್ಚು ಪರಮಾಣುಗಳಿರುವ ಸೂತ್ರದಿಂದ ಶುರು ಮಾಡಿ. ನಾಲ್ಕು ಆಮ್ಲಜನಕ ಬೇಕು, ಹಾಗಾಗಿ ನೀರು ನಾಲ್ಕು. ನೀರು ನಾಲ್ಕಾದರೆ ಜಲಜನಕದ ಪರಮಾಣು ಎಂಟು, ಅಂದರೆ ನಾಲ್ಕು ಅಣು. ಉಳಿದದ್ದು ಕಬ್ಬಿಣ, ಅದು ಮೂರು. ಈಗ ತೂಕ ಕೂಡಿ: ಎಡಕ್ಕೆ 168 ಮತ್ತು 72, ಬಲಕ್ಕೆ 232 ಮತ್ತು 8. ಎರಡೂ 240.

ಈ ಕೊನೆಯ ಕೂಡಿಕೆಯನ್ನು ನಮ್ಮ ಬಹುತೇಕ ತರಗತಿಗಳು ಮಾಡಿಸುವುದೇ ಇಲ್ಲ. ಪರಮಾಣು ಎಣಿಸಿ ಕೈತೊಳೆದುಕೊಳ್ಳುತ್ತೇವೆ. ಕುದಾಪುರದಿಂದ ಊರಿಗೆ ಮರಳುವ ಮೇಷ್ಟ್ರಲ್ಲಿ, ಮೇಡಂಗಳಲ್ಲಿ ಒಂದೇ ಕೋರಿಕೆ: ಮುಂದಿನ ಜೂನ್‌ನಲ್ಲಿ ಕಪ್ಪುಹಲಗೆ ಮುಟ್ಟುವ ಮೊದಲು ಮಕ್ಕಳ ಕೈಗೆ ತಕ್ಕಡಿ ಕೊಡಿ. ತೂಗಿ ನೋಡಿದ ಮಗುವಿಗೆ ಸರಿದೂಗಿಸುವುದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.