ಎಲ್ಲವೂ ಮಿದುಳಿನ ಆಟವೇ?

ಮಗ ಮೊಬೈಲ್ ಕೆಳಗಿಡದಿದ್ದರೆ ಡೋಪಮಿನ್ ಎನ್ನುತ್ತೇವೆ. ಯಾರಾದರೂ ಮಂಕಾಗಿ ಕೂತರೆ ಸೆರೊಟೋನಿನ್ ಕಡಿಮೆಯಾಗಿದೆ ಎನ್ನುತ್ತೇವೆ. ಹಿಂದೆ ಈ ಜಾಗದಲ್ಲಿ ಗ್ರಹಚಾರ, ಕೆಟ್ಟ ದೃಷ್ಟಿ, ಗಾಳಿ ಸೋಕುವುದು ಇದ್ದವು. ಮೂರ್ಛೆರೋಗದವರ ಕೊರಳಿಗೆ ತಾಯತ ಕಟ್ಟಿ, ಸ್ಕಿಜೋಫ್ರೀನಿಯಾ ಬಂದವರಿಗೆ ದೆವ್ವ ಬಿಡಿಸಿ ನಾವು ಮಾಡಿದ ಹಿಂಸೆ ಸಣ್ಣದಲ್ಲ. ಇದು ಶರೀರದ ಕಾಯಿಲೆ, ಯಾರ ಪಾಪದ ಫಲವೂ ಅಲ್ಲ ಎಂದು ತೋರಿಸಿಕೊಟ್ಟ ಜೀವವಿಜ್ಞಾನದ ಋಣ ದೊಡ್ಡದು. ಆದರೆ ಮಿದುಳಿನ ಹೆಸರೆತ್ತಿದ ಕೂಡಲೇ ಇನ್ನು ಕೇಳುವುದೇನೂ ಉಳಿದಿಲ್ಲ ಎಂದುಕೊಳ್ಳುತ್ತೇವಲ್ಲ, ಅದನ್ನು ನಾನು ಒಪ್ಪಲಾರೆ.

ಮನೋವಿಜ್ಞಾನದ ಮೊದಲ ಪಾಠಗಳಲ್ಲೇ ಸಿಗುವ ಫಿನಿಯಸ್ ಗೇಜ್‌ನ ಪ್ರಕರಣವನ್ನೇ ನೋಡಿ. 1848ರ ಸೆಪ್ಟೆಂಬರ್ 13. ಅಮೆರಿಕದ ವರ್ಮಾಂಟ್‌ನ ಕ್ಯಾವೆಂಡಿಷ್ ಬಳಿ ರೈಲುದಾರಿಗಾಗಿ ಬಂಡೆ ಸಿಡಿಸುವ ಕೆಲಸ ನಡೆದಿತ್ತು. 25 ವರ್ಷದ ಮೇಸ್ತ್ರಿ ಗೇಜ್ ಕುಳಿಯೊಳಗೆ ಮದ್ದು ಜಡಿಯುತ್ತಿದ್ದಾಗ ಕಿಡಿ ಹಾರಿತು. ಮೂರೂವರೆ ಅಡಿ ಉದ್ದದ, ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯನ್ನು ಸೀಳಿ ಹೊರಬಿತ್ತು. ಸ್ವಲ್ಪ ಹೊತ್ತಿಗೇ ಆತ ಮಾತಾಡಿದ. ಎತ್ತಿನ ಗಾಡಿಯಲ್ಲಿ ಕೂತು ಊರಿಗೆ ಬಂದ. ಜೀವವೇನೋ ಉಳಿಯಿತು, ಸ್ವಭಾವ ಉಳಿಯಲಿಲ್ಲ. ಚಿಕಿತ್ಸೆ ಮಾಡಿದ ವೈದ್ಯ ಜಾನ್ ಹಾರ್ಲೋ 1868ರಲ್ಲಿ ಬರೆದ ಪ್ರಕಾರ, ಜಾಣನೂ ಕೆಲಸಗಾರನೂ ಆಗಿದ್ದವನು ಚಂಚಲನಾದ, ಬಾಯಿಗೆ ಬಂದಂತೆ ಬೈಯತೊಡಗಿದ, ಹಾಕಿಕೊಂಡ ಯೋಜನೆಗಳನ್ನೆಲ್ಲ ಅರ್ಧಕ್ಕೇ ಬಿಟ್ಟ. ಹಳೆಯ ಗೇಜ್ ಇವನಲ್ಲ ಎಂದು ಗೆಳೆಯರೇ ಹೇಳಿದರು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಮಿದುಳಿನ ಮುಂಭಾಗದ ಹಾಲೆಗೆ ಪೆಟ್ಟಾದರೆ ವ್ಯಕ್ತಿತ್ವ ಬದಲಾಗುತ್ತದೆ, ಪಾಠ ಮುಗಿಯಿತು. ಗೇಜ್ ಮಾತ್ರ ಇನ್ನೂ ಬದುಕಿದ್ದ. 1852ರಲ್ಲಿ ಆತ ಚಿಲಿ ದೇಶಕ್ಕೆ ಹೋಗಿ, ಹಲವು ವರ್ಷ ಅಲ್ಲಿ ಕುದುರೆ ಸಾರೋಟು ಓಡಿಸಿದ. ಆ ಕೆಲಸ ಎಂಥದ್ದೆಂದು ಊಹಿಸಿಕೊಳ್ಳಿ. ಹೊತ್ತಿಗೆ ಸರಿಯಾಗಿ ಕುದುರೆಗಳಿಗೆ ಮೇವು ಹಾಕಿ ಹೂಡಬೇಕು. ಆರು ಕುದುರೆಗಳ ಲಗಾಮು ಒಟ್ಟಿಗೆ ಹಿಡಿದು ಹದಗೆಟ್ಟ ದಾರಿಯಲ್ಲಿ ಸಾಗಬೇಕು. ಪರಭಾಷೆಯ ಪ್ರಯಾಣಿಕರೊಡನೆ ಹೊಂದಿಕೊಳ್ಳಬೇಕು. ಯಾವ ಕೆಲಸಕ್ಕೂ ನಿಲ್ಲದವನಿಂದ ಇದು ಆಗುವ ಮಾತೇ? ಗೇಜ್‌ನ ಬಗ್ಗೆ ಆಳವಾಗಿ ಸಂಶೋಧಿಸಿದ ಮಾಲ್ಕಂ ಮ್ಯಾಕ್‌ಮಿಲನ್, ದಿನವೂ ಕ್ರಮ ತಪ್ಪದ ಆ ಕೆಲಸವೇ ಅವನನ್ನು ಮತ್ತೆ ಹಳಿಗೆ ತಂದಿರಬೇಕು ಎಂದು ವಾದಿಸಿದ್ದಾರೆ. ನನಗೆ ಈ ವಾದ ಸರಿಯೆನಿಸುತ್ತದೆ. 1860ರಲ್ಲಿ ಸೆಳವು ಬಂದು ಗೇಜ್ ತೀರಿಕೊಂಡ. ಅವನ ತಲೆಬುರುಡೆ ಈಗ ಹಾರ್ವರ್ಡ್‌ನ ಸಂಗ್ರಹಾಲಯದಲ್ಲಿದೆ. ಅದರ ತೂತು ಪೆಟ್ಟಿನ ಕಥೆ ಹೇಳುತ್ತದೆ, ಚಿಲಿಯ ವರ್ಷಗಳ ಕಥೆಯನ್ನಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಿದುಳುಗಳ ಸಂಗ್ರಹಾಲಯವಿದೆ. ಕೈಗವಸು ಹಾಕಿಕೊಂಡು ನಿಜವಾದ ಮಾನವ ಮಿದುಳನ್ನು ಅಲ್ಲಿ ಹಿಡಿದು ನೋಡಬಹುದು. ಒಂದೂಕಾಲು ಕಿಲೋ ಆಸುಪಾಸಿನ, ರಾಸಾಯನಿಕದಲ್ಲಿ ಗಟ್ಟಿಯಾದ, ಸುಕ್ಕುಸುಕ್ಕಾದ ಮುದ್ದೆ. ಪಾರ್ಶ್ವವಾಯುವಿನ ಗುರುತು, ಗೆಡ್ಡೆಯ ಗುರುತು ಎಲ್ಲ ಕಣ್ಣಿಗೇ ಕಾಣುತ್ತವೆ. ಆ ಮನುಷ್ಯನಿಗೆ ಯಾರು ಊಟ ಮಾಡಿಸುತ್ತಿದ್ದರು, ಕಾಯಿಲೆ ಬಂದ ಮೇಲೆ ಯಾವ ಕೆಲಸ ಕಲಿತ, ಇವು ಕಾಣುವುದಿಲ್ಲ. ಆದರೂ ಅವೂ ಮಿದುಳನ್ನು ತಿದ್ದಿರುತ್ತವೆ.

ಇದು ಬರೀ ಭಾವುಕತೆಯ ಮಾತಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸೆನ್ಸ್‌ಗಾಗಿ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಇವರ ಮಿದುಳಿನಲ್ಲಿ ದಾರಿಯ ನೆನಪಿಗೆ ನೆರವಾಗುವ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಉಳಿದವರಿಗಿಂತ ದೊಡ್ಡದಿರುವುದನ್ನು ನರವಿಜ್ಞಾನಿ ಎಲಿನಾರ್ ಮಗ್ವೈರ್ 2000ರಲ್ಲಿ ತೋರಿಸಿದರು. ಹುಟ್ಟಿನಿಂದಲೇ ಹಾಗಿದ್ದವರು ತಾನೇ ಈ ವೃತ್ತಿ ಹಿಡಿಯುವುದು ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಅದಕ್ಕೂ ಉತ್ತರ ಸಿಕ್ಕಿತು. ಕಲಿಕೆ ಶುರುಮಾಡಿದ 79 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಅವರ ಮಿದುಳುಗಳಲ್ಲಿ ವ್ಯತ್ಯಾಸವಿರಲಿಲ್ಲ. ಪರೀಕ್ಷೆ ಪಾಸಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಮಿದುಳು ಇಲ್ಲಿ ನಡವಳಿಕೆಗೆ ಕಾರಣವೂ ಹೌದು, ಅದರ ಪರಿಣಾಮವೂ ಹೌದು.

1913ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್ ಮನಸ್ಸಿನ ಮಾತೇ ಬೇಡ, ಕಣ್ಣಿಗೆ ಕಾಣುವ ನಡವಳಿಕೆ ಸಾಕು ಎಂದ. ಅದು ಅತಿಯಾಯಿತೆಂದು ಇಂದು ಎಲ್ಲರೂ ಒಪ್ಪುತ್ತಾರೆ. ನರಕೋಶವೊಂದೇ ಸಾಕು ಎನ್ನುವವರದ್ದೂ ಅಷ್ಟೇ ಅತಿ. ಡೋಪಮಿನ್ ಕೊರತೆಯಾದರೆ ಪಾರ್ಕಿನ್ಸನ್ ರೋಗಿಯ ಕೈಕಾಲು ಬಿಗಿಯುತ್ತವೆ. ಚಲನೆಯನ್ನೂ ಕಾಯುವ ಈ ರಾಸಾಯನಿಕವನ್ನು ಸುಖದ ಇನ್ನೊಂದು ಹೆಸರು ಮಾಡಿಕೊಂಡರೆ ಜೀವವಿಜ್ಞಾನಕ್ಕೇ ಅನ್ಯಾಯ.

ಎಲ್ಲಕ್ಕೂ ರಾಸಾಯನಿಕದ ಹೆಸರು ಹೇಳಿ ಮುಗಿಸುವ ಈ ಅವಸರದ ಬೆಲೆ ತೆರುವವರು ರೋಗಿಗಳು. ಖಿನ್ನತೆಯನ್ನು ಕೇವಲ ರಾಸಾಯನಿಕದ ಏರುಪೇರು ಎಂದುಬಿಟ್ಟರೆ ಮನೆಯ ಸಾಲ, ಗಂಡನ ಕುಡಿತ, ತಿಂಗಳುಗಟ್ಟಲೆ ಕೆಟ್ಟ ನಿದ್ದೆ ಇವನ್ನು ಯಾರೂ ವಿಚಾರಿಸುವುದಿಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆ ಬೇಕೇ ಬೇಕು, ಅದನ್ನು ತಪ್ಪಿಸುವುದು ಅಪಾಯ. ಹಾಗೆಯೇ ಆಪ್ತಸಮಾಲೋಚನೆಯಿಂದ, ಯೋಚನೆಯ ಜಾಡನ್ನು ತಿದ್ದುವ ಚಿಕಿತ್ಸೆಯಿಂದ ಗುಣವಾಗುವವರೂ ಬಹಳ ಮಂದಿ, ಮತ್ತು ಆ ಗುಣವೂ ಮಿದುಳಿನಲ್ಲೇ ಆಗುವುದು. ಔಷಧ ಬರೆದುಕೊಟ್ಟ ವೈದ್ಯೆ ಪೆನ್ನು ಕೆಳಗಿಟ್ಟು, ಮನೆಯಲ್ಲಿ ಯಾರ‍್ಯಾರಿದ್ದಾರೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದರೆ ಆ ಪ್ರಶ್ನೆಯೂ ಚಿಕಿತ್ಸೆಯ ಭಾಗ. ಅದಕ್ಕೆ ಬೇಕಾದ ಸಮಯವನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳ ಉದ್ದನೆಯ ಸರದಿಯಲ್ಲೂ ಹೇಗಾದರೂ ಹೊಂದಿಸಲೇಬೇಕು.