ಗಿರಾಕಿಯ ಸಾಕ್ಷ್ಯ

ಜಪಾನಿಗೆ ಹೋಗಿಬಂದ ಮಿತ್ರರೊಬ್ಬರು ಮೊನ್ನೆ ನಮ್ಮ ಜಗುಲಿಯ ಮೇಲೆ ಕುಳಿತು ಟೋಕಿಯೋದ ರಾತ್ರಿಗಳನ್ನು ಬಣ್ಣಿಸುತ್ತಿದ್ದರು. “ಏನು ಸಂಸ್ಕಾರ ಸ್ವಾಮಿ, ಆ ಕ್ಲಬ್ಬುಗಳ ಹೆಂಗಸರದು! ಗ್ಲಾಸು ಬರಿದಾಗುವ ಮುನ್ನ ತುಂಬುತ್ತಾರೆ. ನಮ್ಮ ಮಾತನ್ನು ಮನಸ್ಸಿಟ್ಟು ಕೇಳುತ್ತಾರೆ. ಅದು ಚಟವಲ್ಲ, ಕಲೆ” ಎಂದು ಅವರ ತೀರ್ಪು. ಮೂರು ರಾತ್ರಿ ಕಂಡವರ ತೀರ್ಪು ಅದು. ಉದ್ಯೋಗನಿಮಿತ್ತ ಇಪ್ಪತ್ತು ವರ್ಷ ಅಲ್ಲಿದ್ದು, ಆ ಅಂಗಡಿಗಳ ಹಳೆಯ ಗಿರಾಕಿಯಾಗಿದ್ದ ನಾನು ಇದನ್ನು ಒಪ್ಪಲಾರೆ.

ಕಲೆ ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ದರಪಟ್ಟಿಯೂ ಇದೆ. ಗಿಂಜಾದ ಕ್ಲಬ್ಬಿನಲ್ಲಿ ಕುಳಿತದ್ದಕ್ಕೊಂದು ಹಣ, ಇಂಥವಳೇ ಬರಲಿ ಎಂದರೆ ಇನ್ನೊಂದು. ನನ್ನ ಹೆಸರಿನ ಚೀಟಿ ತೂಗುಹಾಕಿದ ವಿಸ್ಕಿ ಸೀಸೆ ಅಲ್ಲಿಯ ಕಪಾಟಿನಲ್ಲಿ ನನಗಾಗಿ ಕಾಯುತ್ತಿತ್ತು. ಕೆಲಸ ಆರಂಭಿಸುವ ಮುನ್ನ ಆಕೆ ನನ್ನೊಡನೆ ಊಟಕ್ಕೆ ಬಂದದ್ದನ್ನು ಸ್ನೇಹವೆಂದು ತಿಳಿದಿದ್ದೆ. ಅದಕ್ಕೆ ‘ದೋಹನ್’ ಎಂದು ಹೆಸರು. ಅನೇಕ ಅಂಗಡಿಗಳಲ್ಲಿ ತಿಂಗಳಿಗೆ ಇಷ್ಟು ಊಟವೆಂದು ಲೆಕ್ಕವಿದೆ. ತಪ್ಪಿದರೆ ಸಂಬಳಕ್ಕೆ ಕತ್ತರಿ. ನಮ್ಮಲ್ಲಿ ದೋಹನವೆಂದರೆ ಹಾಲು ಕರೆಯುವುದು. ಕರೆದವರಾರು, ಕರೆಸಿಕೊಂಡವರಾರು ಎಂದು ಈಗ ಯೋಚಿಸುತ್ತೇನೆ.

ಏಳು ವರ್ಷ ಆಕೆಯನ್ನು ಒಂದೇ ಹೆಸರಿನಿಂದ ಕರೆದೆ. ಅದು ‘ಗೆಂಜಿನಾ’, ವೃತ್ತಿಗಾಗಿ ಇಟ್ಟುಕೊಂಡ ಹೆಸರು. ಒಂದು ದಿನ ಆಕೆ ಬರಲಿಲ್ಲ, ಮರುವಾರವೂ ಬರಲಿಲ್ಲ. ಕಾಯಿಲೆಯೋ ಮದುವೆಯೋ ವಿಚಾರಿಸೋಣವೆಂದರೆ ನಿಜವಾದ ಹೆಸರೇ ನನಗೆ ತಿಳಿಯದು. ನನ್ನ ಮಗಳ ಪರೀಕ್ಷೆ, ನನ್ನ ಹಲ್ಲುನೋವು ಎಲ್ಲವೂ ಆಕೆಗೆ ಗೊತ್ತಿತ್ತು.

ಅಲ್ಲಿ ಮಾರುವುದು ಮಾತು, ಮೈಯಲ್ಲ; ಅದಕ್ಕೆ ಬೇರೆ ಕಾನೂನಿದೆ ಎನ್ನುತ್ತೀರಿ. ಇದೆ. 1956ರಲ್ಲಿ ಮಾಡಿದ ಆ ಕಾಯಿದೆ 1958ರಲ್ಲಿ ಪೂರ್ಣವಾಗಿ ಜಾರಿಗೆ ಬಂದು, ಮೂರು ಶತಮಾನಕ್ಕೂ ಮೀರಿದ ಯೋಶಿವಾರಾ ಸೂಳೆಗೇರಿ ಬಾಗಿಲು ಹಾಕಿತು. ಬೀದಿಯಲ್ಲಿ ನಿಂತು ಕರೆದವಳಿಗೆ ಶಿಕ್ಷೆ ಬರೆದ ಕಾಯಿದೆ, ಕೊಳ್ಳಬಂದವನಿಗೆ ‘ಕೂಡದು’ ಎಂದಷ್ಟೇ ಹೇಳಿ ಸುಮ್ಮನಾಯಿತು. ಅದೇ ಯೋಶಿವಾರಾದಲ್ಲಿ ಸ್ನಾನಗೃಹಗಳು ಎದ್ದವು. ‘ತುರ್ಕಿ ಸ್ನಾನ’ ಎಂಬ ಅವುಗಳ ಹೆಸರಿಗೆ ತುರ್ಕಿಯವರು ಪ್ರತಿಭಟಿಸಲು, 1984ರಲ್ಲಿ ‘ಸೋಪ್‌ಲ್ಯಾಂಡ್’ ಎಂದಾಯಿತು. ಒಂದು ದೇಶದ ಮಾನ ಉಳಿಯಿತು. ಒಳಗಿದ್ದವಳ ಗತಿ ಬದಲಾಗಲಿಲ್ಲ.

ಕಾಬುಕಿಚೋದಲ್ಲಿ ಹೆಂಗಸರಿಗೆ ಗಂಡಸರು ಮದ್ಯ ಸುರಿಯುವ ಕ್ಲಬ್ಬುಗಳೂ ಇವೆ. ಅಲ್ಲಿ ಪ್ರೀತಿಯ ಸೋಗಿಗೆ ಮರುಳಾಗಿ, ಸಾಲ ಹೊತ್ತು, ಅದನ್ನು ತೀರಿಸಲು ಓಕುಬೋ ಉದ್ಯಾನದ ಬಳಿ ನಿಂತ ಹುಡುಗಿಯರುಂಟು. 2025ರಲ್ಲಿ ಕಾಯಿದೆ ತಿದ್ದಿ ಆ ಬಗೆಯ ಸುಲಿಗೆಯನ್ನು ನಿಷೇಧಿಸಿದರು. ಒಳ್ಳೆಯದೇ. ಆದರೆ ಅವಳು ಅಲ್ಲಿ ನಿಂತದ್ದು, ಕಾಸು ಹಿಡಿದ ಗಂಡಸು ಬಂದೇ ಬರುತ್ತಾನೆಂಬ ಭರವಸೆಯಿಂದಲ್ಲವೆ?

“ದಣಿದವನಿಗೆ ಸಾಂತ್ವನ ಬೇಡವೆ?” ಎಂದರು ಮಿತ್ರರು. ಬೇಕು. ಆದರೆ ಕೊಂಡದ್ದನ್ನು ಕೊಂಡೆನೆಂದು ಹೇಳೋಣ. ಅವಳ ದುಡಿಮೆಗೆ ಸಂಸ್ಕಾರವೆಂದು ಹೆಸರಿಟ್ಟು ನಮ್ಮ ಮುಖ ತೊಳೆದುಕೊಳ್ಳುವುದು ಬೇಡ. ತಪ್ಪು ಯಾರದೆಂದು ವಿಚಾರಣೆಯಾಗುವ ದಿನ, ಮೊದಲು ಕರೆಯಬೇಕಾದ ಹೆಸರು ನನ್ನದು. ಅದು ಸೀಸೆಯ ಕೊರಳಿನಲ್ಲೇ ಬರೆದಿತ್ತು.