ಹ್ಯಾಂಡಲ್ ತಗ್ಗಿದರೆ ತೋಳಿಗೆ ಹೊರೆ

ಅಂಧೇರಿಯಿಂದ ಫೋರ್ಟಿಗೆ ನಿತ್ಯವೂ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುವ ನಮ್ಮ ತರುಣರಲ್ಲಿ ಕೆಲವರು ಮಣಿಕಟ್ಟಿನ ನೋವನ್ನು ವಾಯುವೆಂದು ಬಗೆದು ತೈಲ ತಿಕ್ಕಿಕೊಳ್ಳುವುದುಂಟು. ದೋಷವು ದೇಹದಲ್ಲಿಯೇ ಇರಬೇಕೆಂದಿಲ್ಲ. ಹ್ಯಾಂಡಲಿನಲ್ಲಿಯೂ ಇರಬಹುದೆಂಬುದು ನನ್ನ ಅಭಿಪ್ರಾಯ.

ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯನ್ನು ನಮ್ಮ ಹಿರಿಯರು ನೆಟ್ಟಗೆ ಕುಳಿತೇ ಓಡಿಸಿದರು. ಇಂದು ಅನೇಕರಿಗೆ ಪಂದ್ಯದ ಗಾಡಿಗಳ ಮಾದರಿಯ ತಗ್ಗು ಹ್ಯಾಂಡಲೇ ಪ್ರಿಯ. ಸವಾರನು ಮುಂದಕ್ಕೆ ಬಾಗಿದಷ್ಟೂ ಮೈಭಾರವು ಅಂಗೈಗಳ ಮೇಲೆ ಬೀಳುತ್ತದೆ. ಅತಿವೇಗದಲ್ಲಿ ಎದುರುಗಾಳಿಯು ಎದೆಗೆ ಆಸರೆಯಾದೀತು. ನಗರದ ನಿಧಾನ ಸಂಚಾರದಲ್ಲಿ ಅದೂ ಇಲ್ಲ. ಮಣಿಕಟ್ಟಿನಲ್ಲಿ ಒಂದು ನರ ಒತ್ತಿದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಇನ್ನೊಂದು ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು. ಅತಿ ಎತ್ತರದ ಹ್ಯಾಂಡಲಾದರೋ ಭುಜಗಳನ್ನು ದಣಿಸುತ್ತದೆ.

ಆದುದರಿಂದ ಗಾಡಿಯನ್ನು ಕೊಳ್ಳುವ ಮುನ್ನ ಏರಿ ಕುಳಿತು ನೋಡಬೇಕು: ಬೆನ್ನು ನೆಟ್ಟಗಿರಲಿ, ಮೊಣಕೈ ತುಸು ಬಾಗಿರಲಿ, ಮಣಿಕಟ್ಟು ಮುಂದೋಳಿನ ನೇರಕ್ಕಿರಲಿ. ಇರುವ ಹ್ಯಾಂಡಲನ್ನೇ ಎತ್ತರಿಸುವುದಾದರೆ, ಅದನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಕ್ಲಚ್, ಬ್ರೇಕುಗಳ ಕೇಬಲ್ ಬಿಗಿಯಾಗದಂತೆ ಮೆಕ್ಯಾನಿಕನಿಂದ ಪರೀಕ್ಷಿಸಿಕೊಳ್ಳಬೇಕು. ಆಮೇಲೂ ಜೋಮು ಹೋಗದಿದ್ದರೆ ವೈದ್ಯರನ್ನು ಕಾಣುವುದೇ ಲೇಸು.

ಊರು ಬಿಟ್ಟು ಬಂದು ದುಡಿಯುವ ನಮಗೆ ಕೈಗಳೇ ಬಂಡವಾಳ. ನೋಟದ ಸೊಗಸಿಗಾಗಿ ಅವನ್ನು ಒತ್ತೆಯಿಡುವುದು ಜಾಣತನವಲ್ಲ.